ಬಯಲಾಟದ ಬಯಲು, ಗಣಕದ ಪೇಟೆ: ಆನ್‌ಲೈನ್ ಆಟಗಳ ಕೂಡುತಾಣಗಳನ್ನು ಕುರಿತು

1

ಕನ್ನಡದಲ್ಲಿ ಜಾನಪದ ಅಧ್ಯಯನವು ಬೆಳೆದುಬಂದ ಬಗೆಯನ್ನು ಅವಲೋಕಿಸಿದರೆ, ಅದು ಬಹುಮಟ್ಟಿಗೆ ಪಠ್ಯವನ್ನು ಹಿಡಿದುಕೊಂಡು ಸ್ಥಳವನ್ನು ಬಿಟ್ಟುಕೊಟ್ಟ ಅಧ್ಯಯನವೆಂಬುದು ಸ್ಪಷ್ಟವಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕರಾವಳಿಯನ್ನೇ ತೆಗೆದುಕೊಳ್ಳಬಹುದು. ಎಲ್. ಆರ್. ಹೆಗಡೆ, ಎನ್. ಆರ್. ನಾಯಕ ಮೊದಲಾದ ವಿದ್ವಾಂಸರ ಪರಿಶ್ರಮದಿಂದ ಈ ಭಾಗದ ಹಾಡು, ಕಥೆ, ಒಗಟುಗಳು ಅಚ್ಚಿನಲ್ಲಿ ಉಳಿದಿವೆ. ಯಕ್ಷಗಾನ ಪ್ರಸಂಗಗಳ ಪಾಠ, ಛಂದಸ್ಸು, ರಾಗತಾಳಗಳ ಬಗೆಗೆ ಗಂಭೀರ ಸಂಶೋಧನೆ ನಡೆದಿದೆ. ಆದರೆ ಆ ಹಾಡು ಯಾವ ಅಂಗಳದಲ್ಲಿ ಹುಟ್ಟಿತು, ಆ ಪ್ರಸಂಗವನ್ನು ನೋಡಲು ಬಂದ ಜನ ಎಲ್ಲಿ ಕುಳಿತರು, ಎಲ್ಲಿ ಎದ್ದುಹೋಗಿ ಚಾ ಕುಡಿದರು, ಯಾರು ಯಾರನ್ನು ಕಂಡು ಮಾತನಾಡಿದರು ಎಂಬ ಪ್ರಶ್ನೆಗಳು ಪ್ರಸ್ತಾವನೆಯ ಒಂದೆರಡು ಪರಿಚ್ಛೇದಗಳಾಚೆಗೆ ಬೆಳೆದದ್ದು ಕಡಿಮೆ. ಕೂಡುವಿಕೆಯು ಕಲೆಯ ಹಿನ್ನೆಲೆಯೆಂದು ಭಾವಿಸಲ್ಪಟ್ಟಿತೇ ಹೊರತು ಅದೂ ಒಂದು ರಚನೆ, ಅದಕ್ಕೂ ಒಂದು ವ್ಯಾಕರಣವುಂಟು ಎಂಬ ಅರಿವು ಮೂಡಲಿಲ್ಲ.

ಈಗ ಇದೇ ಪ್ರಶ್ನೆಯು ಅನಿರೀಕ್ಷಿತವಾದ ಇನ್ನೊಂದು ದಿಕ್ಕಿನಿಂದ ಎದುರಾಗಿದೆ. ಸಾವಿರಾರು ಜನ ಏಕಕಾಲದಲ್ಲಿ ಪ್ರವೇಶಿಸುವ ಆನ್‌ಲೈನ್ ವಿಡಿಯೋ ಆಟಗಳನ್ನು ಕಟ್ಟುವವರು, ಆಟಗಾರರು ಕಾದಾಟದ ನಡುವೆ ಬಂದು ಸೇರುವ ಪೇಟೆ, ಚೌಕ, ಪಾನಗೃಹ, ಬಂದರುಗಳನ್ನು ಹೇಗೆ ಜೀವಂತವಾಗಿಸಬೇಕೆಂಬ ಸಮಸ್ಯೆಯಲ್ಲಿ ತೊಡಗಿದ್ದಾರೆ. ಇಂತಹ ಸ್ಥಳಗಳನ್ನು ಇಲ್ಲಿ ಅನುಕೂಲಕ್ಕಾಗಿ ‘ಕೂಡುತಾಣ’ ಎಂದು ಕರೆಯಬಹುದು. ಕಟ್ಟಡ, ಬೆಳಕು, ಸಂಗೀತ ಎಲ್ಲವೂ ಅಚ್ಚುಕಟ್ಟಾಗಿದ್ದರೂ ಕೆಲವು ಕೂಡುತಾಣಗಳು ಪಾಳುಬಿದ್ದ ಊರಿನಂತೆ ಏಕೆ ತೋರುತ್ತವೆ, ಯಾರೂ ಯೋಜಿಸದ ಒಂದು ಮೂಲೆ ಜಾತ್ರೆಯಂತೆ ಏಕೆ ತುಂಬುತ್ತದೆ ಎಂಬುದು ಅವರ ಪ್ರಶ್ನೆ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಬಯಲಾಟದ ಬಯಲು, ಸಂತೆ, ತೇರಪೇಟೆ, ದೋಣಿಕಟ್ಟೆಗಳನ್ನು ಬಲ್ಲ ಕನ್ನಡ ವಿದ್ವತ್ತಿಗೆ ಈ ಪ್ರಶ್ನೆಯ ಬಗ್ಗೆ ಹೇಳಬೇಕಾದದ್ದು ಇದೆ. ಹೇಳದೆ ಸುಮ್ಮನಿದ್ದರೆ ನಷ್ಟ ಎರಡೂ ಕಡೆಗೆ ಎಂಬುದು ಪ್ರಸ್ತುತ ಲೇಖನದ ನಿಲುವು.

2

ಕೂಡುತಾಣದ ಪರಿಕಲ್ಪನೆ ಗಣಕಲೋಕಕ್ಕೆ ತೀರ ಹೊಸದಲ್ಲ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಅವರು 1978ರಲ್ಲಿ ಆರಂಭಿಸಿದ ‘ಮಡ್’ ಎಂಬ ಆಟ ಸಂಪೂರ್ಣವಾಗಿ ಅಕ್ಷರಗಳಿಂದ ರಚಿತವಾಗಿತ್ತು. ಅಲ್ಲಿ ಚಿತ್ರವಿರಲಿಲ್ಲ, ವರ್ಣನೆಯಿತ್ತು. ಆಟಗಾರನು ಒಂದು ಕೋಣೆಯ ವರ್ಣನೆಯನ್ನು ಓದಿ, ಅಲ್ಲಿರುವ ಇತರರೊಡನೆ ಬರವಣಿಗೆಯಲ್ಲೇ ಮಾತನಾಡುತ್ತಿದ್ದನು. ಅನಂತರ 1997ರ ‘ಅಲ್ಟಿಮಾ ಆನ್‌ಲೈನ್’, 1999ರ ‘ಎವರ್‌ಕ್ವೆಸ್ಟ್’, 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಮೊದಲಾದವು ಈ ವರ್ಣನೆಯನ್ನು ಚಿತ್ರರೂಪದ ನಗರಗಳನ್ನಾಗಿ ಬೆಳೆಸಿದವು. ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಮನೆ ಮತ್ತು ದುಡಿಮೆಯ ಸ್ಥಳಗಳೆರಡರಿಂದಲೂ ಭಿನ್ನವಾದ, ಜನ ತಾವಾಗಿ ಬಂದು ಹರಟುವ ತಾಣಗಳನ್ನು ‘ಮೂರನೆಯ ಸ್ಥಳ’ ಎಂದು ಹೆಸರಿಸಿದನು. 2006ರಲ್ಲಿ ಕಾನ್‌ಸ್ಟೆನ್ಸ್ ಸ್ಟೈನ್‌ಕ್ಯೂಲರ್ ಮತ್ತು ಡಿಮಿಟ್ರಿ ವಿಲಿಯಮ್ಸ್ ಎಂಬ ಸಂಶೋಧಕರು ಆನ್‌ಲೈನ್ ಆಟಗಳೂ ಇಂತಹ ಮೂರನೆಯ ಸ್ಥಳಗಳೆಂದು ವಾದಿಸಿದರು.

ಕನ್ನಡದ ಓದುಗನಿಗೆ ಓಲ್ಡನ್‌ಬರ್ಗನ ಪರಿಕಲ್ಪನೆಯಲ್ಲಿ ಹೊಸತೆನಿಸುವುದು ಹೆಸರು ಮಾತ್ರ. ಅಶ್ವತ್ಥಕಟ್ಟೆ, ದೇವಸ್ಥಾನದ ಪೌಳಿ, ಚಾ ಅಂಗಡಿಯ ಬೆಂಚು, ದೋಣಿಯ ದಕ್ಕೆ ಇವೆಲ್ಲ ಅದೇ ಬಗೆಯವು. ಇದು ದೂರದ ದೇಶದ ಶ್ರೀಮಂತರ ವಿನೋದವೆಂದು ತಳ್ಳಿಹಾಕುವಂತೆಯೂ ಇಲ್ಲ. ಭಾರತದಲ್ಲಿ 2020ರಲ್ಲಿ ನಿಷೇಧಕ್ಕೊಳಗಾದ ‘ಪಬ್‌ಜಿ ಮೊಬೈಲ್’ ಮತ್ತು 2021ರಲ್ಲಿ ಅದರ ಬದಲಿಗೆ ಬಂದ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಆಟಗಳನ್ನು ಕರಾವಳಿಯ ಹಳ್ಳಿಗಳ ಹುಡುಗರೂ ಬಲ್ಲರು. ಕಾದಾಟ ಆರಂಭವಾಗುವ ಮುನ್ನ ಎಲ್ಲರೂ ಸೇರುವ ದ್ವೀಪ, ಕಾದಾಟವಿಲ್ಲದೆ ಸುಮ್ಮನೆ ಅಡ್ಡಾಡಲೆಂದೇ ಇರುವ ‘ಚಿಯರ್ ಪಾರ್ಕ್’ ಇವು ಈ ಪೀಳಿಗೆಯ ಕಟ್ಟೆಗಳಾಗಿವೆ. ಒಬ್ಬ ವಿದ್ಯಾರ್ಥಿಯು ತರಗತಿಯಲ್ಲಿ ಮೌನವಾಗಿದ್ದು ಅಲ್ಲಿ ವಾಚಾಳಿಯಾಗಿದ್ದರೆ, ಅದು ಕನ್ನಡ ಅಧ್ಯಾಪಕನ ಕುತೂಹಲಕ್ಕೆ ಹೊರತಾದ ಸಂಗತಿಯಾಗಲಾರದು.

3

ಹೊನ್ನಾವರ ತಾಲ್ಲೂಕಿನ ಗುಂಡಬಾಳದ ಮುಖ್ಯಪ್ರಾಣ ದೇವಾಲಯದಲ್ಲಿ ಭಕ್ತರ ಹರಕೆಯ ಯಕ್ಷಗಾನವು ತಿಂಗಳುಗಟ್ಟಲೆ ಇರುಳಿರುಳು ನಡೆಯುವ ಪದ್ಧತಿಯಿದೆ. ಇದೇ ತಾಲ್ಲೂಕಿನ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಸ್ಥಾಪಿಸಿದ ಇಡಗುಂಜಿ ಮೇಳವು ತಲೆಮಾರುಗಳಿಂದ ಊರೂರ ಬಯಲುಗಳಲ್ಲಿ ರಂಗ ಕಟ್ಟಿದೆ. ಸುಗ್ಗಿ ಮುಗಿದ ಗದ್ದೆಯಲ್ಲಿ ನಡೆಯುವ ಒಂದು ಬಯಲಾಟವನ್ನು ಕಲೆಯ ದೃಷ್ಟಿಯನ್ನು ತುಸು ಬದಿಗಿಟ್ಟು ಸ್ಥಳದ ದೃಷ್ಟಿಯಿಂದ ನೋಡಿದರೆ ಅಲ್ಲಿ ಕೆಲವು ನಿಯಮಗಳು ಗೋಚರವಾಗುತ್ತವೆ.

ಮೊದಲನೆಯದು ಶಬ್ದದ ನಿಯಮ. ಆಟಕ್ಕೆ ಮುನ್ನ ಚಂಡೆಮದ್ದಳೆಗಳ ‘ಕೇಳಿ’ ಬಾರಿಸಲಾಗುತ್ತದೆ. ಅದು ಊರಿಗೆ ಕಳುಹಿಸಿದ ಆಮಂತ್ರಣ. ಹೊಳೆಯಾಚೆಯ ಮನೆಯವನು ಶಬ್ದದ ದಿಕ್ಕನ್ನು ಹಿಡಿದು ಕತ್ತಲಲ್ಲಿ ನಡೆಯುತ್ತಾನೆ. ಶಬ್ದ ಹೆಚ್ಚಿದಂತೆ ಬೆಳಕು ಕಾಣುತ್ತದೆ, ಬೆಳಕು ಕಂಡಂತೆ ಜನರ ಗುಜುಗುಜು ಕೇಳುತ್ತದೆ. ಸ್ಥಳವನ್ನು ತಲುಪುವುದಕ್ಕಿಂತ ಮೊದಲೇ ಅದರ ವಾತಾವರಣ ಆತನನ್ನು ತಲುಪಿರುತ್ತದೆ. ಒಂದು ಗುಂಡಿ ಒತ್ತಿದೊಡನೆ ಪೇಟೆಯ ನಡುವೆ ಪ್ರತ್ಯಕ್ಷನಾಗುವ ಆಟಗಾರನಿಗೆ ದಕ್ಕದೆ ಹೋಗುವುದು ಈ ಸಮೀಪಿಸುವಿಕೆಯೇ.

ಎರಡನೆಯದು ಅಂಚಿನ ನಿಯಮ. ರಂಗಸ್ಥಳಕ್ಕೆ ನಾಲ್ಕು ಕಂಬಗಳಿವೆ, ಬಯಲಿಗೆ ಗೋಡೆಯಿಲ್ಲ. ಮುಂದೆ ಚಾಪೆ ಹಾಸಿ ಕುಳಿತವನು ಪೂರ್ಣ ಪ್ರೇಕ್ಷಕ. ನಡುವೆ ಮಗುವನ್ನು ಮಲಗಿಸಿಕೊಂಡು ತೂಕಡಿಸುವವಳು ಅರ್ಧ ಪ್ರೇಕ್ಷಕಿ. ಚಾ, ಮಂಡಕ್ಕಿ, ಶೇಂಗಾ ಮಾರುವ ಅಂಗಡಿಯ ಬಳಿ ನಿಂತವನು ಕಿವಿಯಿಂದ ಮಾತ್ರ ಪ್ರೇಕ್ಷಕ. ಚೌಕಿಯ ಬಾಗಿಲಲ್ಲಿ ಬಣ್ಣ ಹಚ್ಚುವುದನ್ನು ಇಣುಕುವ ಹುಡುಗ ಬೇರೊಂದು ಆಟದ ಪ್ರೇಕ್ಷಕ. ಯಾರೂ ಒಂದೇ ನೆಲೆಯಲ್ಲಿ ರಾತ್ರಿಯಿಡೀ ಇರಬೇಕಾದ ನಿರ್ಬಂಧವಿಲ್ಲ. ಭಾಗವಹಿಸುವಿಕೆಗೆ ಇಷ್ಟೊಂದು ಮೆಟ್ಟಿಲುಗಳಿರುವುದರಿಂದಲೇ ಯಾರಿಗೂ ಸಂಕೋಚವಾಗುವುದಿಲ್ಲ. ನಗರವಿನ್ಯಾಸವನ್ನು ಕುರಿತು ಡೆನ್ಮಾರ್ಕಿನ ಯಾನ್ ಗೇಲ್, ಅಮೆರಿಕದ ವಿಲಿಯಂ ವೈಟ್ ಮೊದಲಾದವರು 1970ರ ದಶಕದಿಂದ ಹೇಳುತ್ತ ಬಂದದ್ದೂ ಇದನ್ನೇ: ಜನ ಚೌಕದ ನಡುವೆ ನಿಲ್ಲುವುದಿಲ್ಲ, ಅಂಚಿನಲ್ಲಿ ನಿಲ್ಲುತ್ತಾರೆ, ಅಂಚು ಸತ್ತರೆ ಚೌಕವೂ ಸಾಯುತ್ತದೆ.

ಮೂರನೆಯದು ನೆಪದ ನಿಯಮ. ಪರಸ್ಪರ ಅಪರಿಚಿತರಾದ ಇಬ್ಬರು ಮಾತಿಗೆ ತೊಡಗಲು ಅವರಿಬ್ಬರ ಹೊರಗಿನ ಮೂರನೆಯ ಸಂಗತಿಯೊಂದು ಬೇಕು. ಬಯಲಾಟದಲ್ಲಿ ಅದು ವೇಷಧಾರಿಯ ಅರ್ಥಗಾರಿಕೆಯಾಗಿರಬಹುದು, ಭಾಗವತರ ಒಂದು ಪದವಾಗಿರಬಹುದು. ಇಬ್ಬರೂ ಅತ್ತ ನೋಡುತ್ತಲೇ ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ. ವಿಲಿಯಂ ವೈಟ್ ಇದನ್ನು ತ್ರಿಕೋನದ ಸಂಬಂಧವೆಂದು ವಿವರಿಸಿದ್ದಾನೆ. 2014ರಲ್ಲಿ ಬಂದ ‘ಡೆಸ್ಟಿನಿ’ ಎಂಬ ಆಟದ ಕೂಡುತಾಣವಾದ ಗೋಪುರದಲ್ಲಿ ಕಾಲಲ್ಲಿ ಒದೆಯಬಹುದಾದ ಒಂದು ಚೆಂಡು ಇದೆ. ಅದರಿಂದ ಯಾವ ಅಂಕವೂ ದೊರೆಯುವುದಿಲ್ಲ. ಆದರೂ ಭಾಷೆ ಬಾರದ ಅಪರಿಚಿತರು ಆ ಚೆಂಡಿನ ಸುತ್ತ ನೆರೆಯುತ್ತಾರೆ. ಭವ್ಯ ಗೋಪುರಕ್ಕಿಂತ ಆ ಚೆಂಡೇ ಜನರನ್ನು ಕೂಡಿಸಿತು ಎಂಬುದರಲ್ಲಿ ವಿನ್ಯಾಸಕರಿಗೆ ಪಾಠವಿದೆ.

ನಾಲ್ಕನೆಯದು ಋತುವಿನ ನಿಯಮ. ಇದನ್ನು ಬಯಲಾಟಕ್ಕಿಂತ ಸಂತೆಯಲ್ಲಿ ಚೆನ್ನಾಗಿ ಕಾಣಬಹುದು. ಬೇಸಗೆಯಲ್ಲಿ ಕುಮಟಾದ ಅಳ್ವೇಕೋಡಿಯ ಸುತ್ತ ರಸ್ತೆಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲುಗಳು ತೂಗುತ್ತವೆ. ಹಾಲಕ್ಕಿ ಮಹಿಳೆಯರು ತಾವು ಬೆಳೆದ ತರಕಾರಿಯೊಡನೆ ಬರುತ್ತಾರೆ. ಮಳೆ ಹಿಡಿದು ಕಡಲು ಮುಚ್ಚುವ ಮುನ್ನ ಒಣಮೀನಿನ ವ್ಯಾಪಾರ ಬಿರುಸಾಗುತ್ತದೆ. ಭಟ್ಕಳದ ಪೇಟೆಯಲ್ಲಿ ಮದುವೆ, ಹಬ್ಬಗಳ ಕಾಲಕ್ಕೆ ಮಲ್ಲಿಗೆಯ ದರ ಏರುತ್ತದೆ. ಇಲ್ಲಿನ ಬಣ್ಣ, ವಾಸನೆ, ಗದ್ದಲಗಳು ಅಲಂಕಾರಕ್ಕಾಗಿ ಬಂದವಲ್ಲ. ಮಳೆಗಾಲಕ್ಕೆ ಕೂಡಿಡಲೇಬೇಕೆಂಬ ಅಗತ್ಯದಿಂದ ಬಂದವು. ಆಟಗಳಲ್ಲಿಯೂ ಹಬ್ಬದ ದಿನ ಪೇಟೆಗೆ ತೋರಣ ಕಟ್ಟುವುದುಂಟು. ಆದರೆ ಆ ಹಬ್ಬಕ್ಕೂ ಆಟಗಾರನ ಅಗತ್ಯಕ್ಕೂ ಸಂಬಂಧವಿಲ್ಲದಿದ್ದರೆ ತೋರಣವು ತೋರಣವಾಗಿಯೇ ಉಳಿಯುತ್ತದೆ.

4

ಇಲ್ಲಿ ಕಾವ್ಯಮೀಮಾಂಸೆಯ ಒಂದು ಭೇದವನ್ನು ಸ್ಮರಿಸುವುದು ಉಪಯುಕ್ತ. ರಸಸಿದ್ಧಾಂತವು ವಿಭಾವವನ್ನು ಆಲಂಬನ, ಉದ್ದೀಪನ ಎಂದು ಎರಡಾಗಿ ವಿಂಗಡಿಸುತ್ತದೆ. ಯಾರನ್ನು ಆಶ್ರಯಿಸಿ ಭಾವವು ಹುಟ್ಟುವುದೋ ಅವರು ಆಲಂಬನ. ಬೆಳುದಿಂಗಳು, ತಂಗಾಳಿ, ಉದ್ಯಾನ ಮೊದಲಾದವು ಹುಟ್ಟಿದ ಭಾವವನ್ನು ಕೆರಳಿಸುವ ಉದ್ದೀಪನ. ಆಲಂಬನವಿಲ್ಲದ ಉದ್ದೀಪನವು ಬರಿಯ ವರ್ಣನೆಯಾಗಿ ನಿಲ್ಲುತ್ತದೆ. ಇಂದಿನ ಆಟಗಳ ಅನೇಕ ಕೂಡುತಾಣಗಳ ಸೋಲು ಇದೇ. ನೀರಿನ ಮೇಲಣ ಬೆಳಕು, ಪಾನಗೃಹದ ಹೊಗೆ, ದೂರದ ಸಂಗೀತಗಳಿಗೆ ಅಪಾರ ಹಣ ವೆಚ್ಚವಾಗುತ್ತದೆ. ಆದರೆ ಇನ್ನೊಬ್ಬ ಮನುಷ್ಯನನ್ನು ಅವಲಂಬಿಸಬೇಕಾದ ಕಾರಣವೊಂದನ್ನು ಆ ಸ್ಥಳವು ಒದಗಿಸದೆ ಹೋಗುತ್ತದೆ.

ಹಳಗನ್ನಡ ಕವಿಗಳು ಅಷ್ಟಾದಶವರ್ಣನೆಯ ಕಟ್ಟಳೆಯೊಳಗೆ ಪುರವರ್ಣನೆ ಮಾಡಿದಾಗಲೂ ಈ ವಿವೇಕವನ್ನು ಬಿಟ್ಟುಕೊಡಲಿಲ್ಲ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಸುಭದ್ರೆಯ ವಿರಹದಲ್ಲಿರುವ ಅರ್ಜುನನು ಇರುಳು ಸೂಳೆಗೇರಿಯಲ್ಲಿ ನಡೆದುಹೋಗುವ ಭಾಗವನ್ನು ಅಧ್ಯಾಪಕರೆಲ್ಲ ಪಾಠ ಹೇಳಿದ್ದಾರೆ. ಅಲ್ಲಿ ಬೀದಿ ಮೂಡುವುದು ಕಟ್ಟಡಗಳಿಂದಲ್ಲ, ನಡೆಯುವವನ ಕಿವಿಗೆ ಬೀಳುವ ಬೇರೆ ಬೇರೆಯವರ ಮಾತುಗಳಿಂದ. ತನಗೆ ಸಂಬಂಧಿಸದ ಮಾತು ಕಿವಿಗೆ ಬೀಳುವುದೇ ಪೇಟೆಯ ಲಕ್ಷಣ. ಆಟಗಳಲ್ಲಿ ಈ ಗುಣವು ಬಹುಮಟ್ಟಿಗೆ ಒಂದು ತಾಂತ್ರಿಕ ಆಯ್ಕೆಯನ್ನು ಅವಲಂಬಿಸಿದೆ. ಮಾತು ಹತ್ತಿರದವರಿಗಷ್ಟೇ ಕೇಳುವಂತಿದ್ದರೆ ಜನ ಹತ್ತಿರ ಬರುತ್ತಾರೆ, ನಿಲ್ಲುತ್ತಾರೆ, ಕದ್ದು ಕೇಳುತ್ತಾರೆ. ಇಡೀ ಲೋಕಕ್ಕೆ ಒಂದೇ ಮಾತಿನ ಸಾಲು, ಅದರಾಚೆಗೆ ಗೆಳೆಯರ ಖಾಸಗಿ ಸಾಲು ಎಂದಾದರೆ ಸ್ಥಳಕ್ಕೆ ಅರ್ಥ ಉಳಿಯುವುದಿಲ್ಲ.

5

ಕೂಡುತಾಣವನ್ನು ಉಳಿಸುವುದು ಸೌಕರ್ಯವಲ್ಲ, ಕಾಯುವಿಕೆ ಎಂಬ ಮಾತು ವಿರೋಧಾಭಾಸವೆನಿಸಬಹುದು. ಆದರೆ ಈ ಕರಾವಳಿಯ ಚರಿತ್ರೆ ಅದನ್ನು ಸಮರ್ಥಿಸುತ್ತದೆ. ಹಾಯಿಯ ಕಾಲದಲ್ಲಿ ಹೊನ್ನಾವರ, ಭಟ್ಕಳ ಬಂದರುಗಳ ಪೇಟೆ ಬೆಳೆದದ್ದು ಹಡಗುಗಳು ಗಾಳಿಗಾಗಿ, ಸರಕಿಗಾಗಿ ಕಾಯಬೇಕಾಗಿದ್ದುದರಿಂದಲೂ ಹೌದು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಗೆ ಹೊರಟ ದೂತಮಂಡಲದೊಡನೆ ಬಂದು ಹೊನ್ನಾವರದಲ್ಲಿ ಕೆಲವು ದಿನ ತಂಗಬೇಕಾಯಿತು. ಅನಂತರ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಯತ್ತ ಸಾಗಿದನು. ಊರಿನ ರಾಮತೀರ್ಥವನ್ನು ಅವನು ಕಂಡು ಬರೆದದ್ದು ಆ ಬಿಡುವಿನ ದಿನಗಳಲ್ಲಿ. ಹೊಳೆಗಳಿಗೆ ಸೇತುವೆಗಳಿಲ್ಲದಿದ್ದಾಗ ಶರಾವತಿ, ಅಘನಾಶಿನಿಗಳ ದಡಗಳಲ್ಲಿ ದೋಣಿಗಾಗಿ ಕಾದವರೆಲ್ಲ ಮದುವೆಯ ಮಾತುಕತೆಯಿಂದ ಹಿಡಿದು ಅಡಿಕೆಯ ಧಾರಣೆಯವರೆಗೆ ಮಾತನಾಡುತ್ತಿದ್ದರು. ಕುಮಟಾ ತಾಲ್ಲೂಕಿನ ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವಣ ದೋಣಿಯ ಸಾಗಾಟವು ಆ ಪದ್ಧತಿಯ ಮುಂದುವರಿಕೆ.

ಆಟಗಳ ಚರಿತ್ರೆಯಲ್ಲೂ ಇದೇ ನಡೆದಿದೆ. ‘ಎವರ್‌ಕ್ವೆಸ್ಟ್’ ಆಟದಲ್ಲಿ ವಸ್ತುಗಳನ್ನು ಮಾರಲು ವ್ಯವಸ್ಥಿತ ಮಾರುಕಟ್ಟೆಯಿರಲಿಲ್ಲ. ಆಟಗಾರರು ತಾವಾಗಿಯೇ ಒಂದು ಸುರಂಗವನ್ನು ಆರಿಸಿಕೊಂಡು ಅಲ್ಲಿ ಕೂಗಿ ಕೂಗಿ ಮಾರತೊಡಗಿದರು. ಅದನ್ನು ಯಾವ ವಿನ್ಯಾಸಕನೂ ಮಾರುಕಟ್ಟೆಯೆಂದು ಯೋಜಿಸಿರಲಿಲ್ಲ. ಅದು ಹುಟ್ಟಿಕೊಂಡ ಸಂತೆ. 2001ರ ಕೊನೆಗೆ ಆಟದ ನಿರ್ಮಾಪಕರು ವ್ಯವಸ್ಥಿತವಾದ ಒಂದು ‘ಬಜಾರ್’ ನಿರ್ಮಿಸಿದರು. ಮಾರುವವನು ತನ್ನ ಪಾತ್ರವನ್ನು ಅಂಗಡಿಯಂತೆ ನಿಲ್ಲಿಸಿ ಎದ್ದುಹೋಗಬಹುದು, ಕೊಳ್ಳುವವನು ಪಟ್ಟಿಯಲ್ಲಿ ಹುಡುಕಿಕೊಳ್ಳಬಹುದು. ವ್ಯಾಪಾರ ಸುಲಭವಾಯಿತು, ಸುರಂಗ ಬರಿದಾಯಿತು. ಮರುವರ್ಷ ದೂರದ ನಾಡುಗಳಿಗೆ ಕ್ಷಣಾರ್ಧದಲ್ಲಿ ಹೋಗುವ ದಾರಿ ಬಂದಾಗ ಹಡಗುಕಟ್ಟೆಯಲ್ಲಿ ಕಾಯುವವರೂ ಕಡಿಮೆಯಾದರು. 2014ರಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಪ್ರತಿಯೊಬ್ಬ ಆಟಗಾರನಿಗೂ ಸ್ವಂತದ ಕೋಟೆಯೊಂದನ್ನು ಕೊಟ್ಟು, ಪೇಟೆಯಲ್ಲಿ ಸಿಗುತ್ತಿದ್ದುದೆಲ್ಲ ಅಲ್ಲೇ ಸಿಗುವಂತೆ ಮಾಡಿತು. ಜನ ತಮ್ಮ ಕೋಟೆಯೊಳಗೆ ಒಬ್ಬಂಟಿಗಳಾದರು, ನಗರಗಳು ನಿರ್ಜನವಾದವು ಎಂಬ ಟೀಕೆಯನ್ನು ಅದು ಎದುರಿಸಬೇಕಾಯಿತು.

ಇದಕ್ಕೆ ಪ್ರತಿಯಾಗಿ ಒತ್ತಾಯದಿಂದ ಜನರನ್ನು ಕೂಡಿಸುವ ಪ್ರಯತ್ನವೂ ಫಲಿಸಲಿಲ್ಲ. 2003ರಲ್ಲಿ ಬಂದು 2011ರಲ್ಲಿ ಮುಚ್ಚಿದ ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ಆಟದಲ್ಲಿ ಕಾದಾಡಿ ದಣಿದವನು ಪಾನಗೃಹಕ್ಕೆ ಬಂದು, ನರ್ತಕ ಅಥವಾ ವಾದಕನ ಪಾತ್ರ ವಹಿಸಿದ ಇನ್ನೊಬ್ಬ ಆಟಗಾರನ ಪ್ರದರ್ಶನವನ್ನು ನೋಡಿಯೇ ಚೇತರಿಸಿಕೊಳ್ಳಬೇಕಿತ್ತು. ಕಲ್ಪನೆ ಸೊಗಸಾಗಿಯೇ ಇತ್ತು. ಆದರೆ ನಿಕೋಲಾ ಡುಶೆನೋ ಮತ್ತು ಸಂಗಡಿಗರ ಅಧ್ಯಯನ ತೋರಿಸಿದಂತೆ, ಅನೇಕರು ತಮ್ಮ ನರ್ತಕಪಾತ್ರವನ್ನು ಯಾಂತ್ರಿಕ ಆಜ್ಞೆಗಳಿಗೆ ಒಪ್ಪಿಸಿ ಗಣಕದ ಮುಂದಿನಿಂದ ಎದ್ದುಹೋಗುತ್ತಿದ್ದರು. ಕಾಯುವಿಕೆಯು ಮಾತಿಗೆ ಎಡೆಮಾಡಿಕೊಡಬಲ್ಲುದು. ಅದೊಂದು ದಂಡವಾದಾಗ ಜನ ದೇಹವನ್ನು ಬಿಟ್ಟು ಮನಸ್ಸನ್ನು ಕೊಂಡೊಯ್ಯುತ್ತಾರೆ. ಬಯಲಾಟದ ಜಾಣ್ಮೆ ಇರುವುದು ಇಲ್ಲಿ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಪೂರ್ವರಂಗವು ಬೇಗ ಬಂದವನಿಗೆ ರಂಜನೆ, ತಡವಾಗಿ ಬರುವವನಿಗೆ ಬಿಡುವು. ಬಂದು ಸೇರುವ ಜನರಿಗಾಗಿ ಕಲೆಯೇ ಕಾಯುತ್ತದೆ.

ಇತ್ತ ಬಯಲಿನ ಸ್ಥಿತಿಯೂ ಬದಲಾಗಿದೆ. ಯಕ್ಷಗಾನದ ಕಾಲಮಿತಿ ಪ್ರಯೋಗಗಳು ವ್ಯಾಪಕವಾಗಿವೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುವ 2000ದ ಶಬ್ದಮಾಲಿನ್ಯ ನಿಯಮಗಳು, ಮರುದಿನದ ದುಡಿಮೆಯ ಒತ್ತಡ, ಮನೆಯೊಳಗಿನ ದೂರದರ್ಶನ, ಕೈಯೊಳಗಿನ ಮೊಬೈಲ್ ಇವೆಲ್ಲ ಇಡೀ ರಾತ್ರಿಯ ಕೂಡುವಿಕೆಯನ್ನು ಮೂರು ಗಂಟೆಗಳ ಪ್ರದರ್ಶನಕ್ಕೆ ಇಳಿಸಿವೆ. ಪ್ರಸಂಗವು ಉಳಿದಿದೆ, ಬಯಲು ಕುಗ್ಗಿದೆ. ರಾಷ್ಟ್ರೀಯ ಹೆದ್ದಾರಿಯ ಅಗಲೀಕರಣಕ್ಕೆ ರಸ್ತೆಬದಿಯ ಮರ, ಅಂಗಡಿಗಳು ಹೋದಾಗ ಹೋದದ್ದು ನೆರಳು ಮತ್ತು ವ್ಯಾಪಾರವಷ್ಟೇ ಅಲ್ಲ, ಊರಿನ ಅಂಚು. ಸುರಂಗದ ಸಂತೆ ಬರಿದಾದುದಕ್ಕೂ ಇದಕ್ಕೂ ಕಾರಣದ ಮಟ್ಟದಲ್ಲಿ ಹೋಲಿಕೆಯಿದೆ: ಎರಡೂ ಕಡೆ ತಲುಪುವಿಕೆಯ ವೇಗಕ್ಕೆ ನಿಲ್ಲುವಿಕೆಯ ಸ್ಥಳವನ್ನು ತೆತ್ತದ್ದಾಗಿದೆ.

6

ಆದರೆ ಗತಕಾಲದ ಕಟ್ಟೆಯನ್ನು ಆದರ್ಶೀಕರಿಸುವುದು ಅಪಾಯಕಾರಿ. ಕಟ್ಟೆಯ ಮೇಲೆ ಕುಳಿತವರು ಯಾರು, ಕೆಳಗೆ ನಿಂತವರು ಯಾರು, ದೂರದಿಂದಲೇ ಕೇಳಿ ಮರಳಿದವರು ಯಾರು ಎಂಬ ಪ್ರಶ್ನೆಯನ್ನು ದಲಿತ ಮತ್ತು ಸ್ತ್ರೀವಾದಿ ಚಿಂತನೆಗಳು ಕನ್ನಡ ವಿಮರ್ಶೆಗೆ ಕಲಿಸಿವೆ. ದೇವಾಲಯದ ಪೌಳಿ ಎಲ್ಲರದೂ ಆಗಿರಲಿಲ್ಲ. ಬಯಲಿಗೆ ಗೋಡೆಯಿಲ್ಲದಿದ್ದರೂ ಜಾತಿಯ ಗೆರೆಯಿತ್ತು. ಆಟ ನೋಡಲು ಬಂದ ಹೆಣ್ಣುಮಕ್ಕಳಿಗೆ ಚಾ ಅಂಗಡಿಯ ಅಂಚು ತೆರೆದಿರಲಿಲ್ಲ. ರಂಗದ ಮೇಲಿನ ಸ್ತ್ರೀವೇಷವೂ ಬಹುಕಾಲ ಗಂಡಸರದೇ ಆಗಿತ್ತು. ಗಣಕದ ಪೇಟೆಯಲ್ಲಿ ವೇಷವು ಎಲ್ಲರಿಗೂ ದೊರೆಯುತ್ತದೆ, ಜಾತಿ ಕಾಣುವುದಿಲ್ಲ ಎಂಬುದು ನಿಜವಾದ ಬಿಡುಗಡೆ. ಆದರೆ ಮೈಕ್ ತೆರೆದೊಡನೆ ಧ್ವನಿಯು ಹೆಣ್ಣನ್ನು ಗುರುತುಮಾಡುತ್ತದೆ, ಕಿರುಕುಳವು ಆರಂಭವಾಗುತ್ತದೆ. ಹೀಗಾಗಿ ಮೌನವನ್ನೇ ಆರಿಸಿಕೊಳ್ಳುವ ಆಟಗಾರ್ತಿಯರಿದ್ದಾರೆ. ಕೂಡುತಾಣದ ಸೊಬಗನ್ನು ಅಳೆಯುವವರು ಅಲ್ಲಿನ ಗದ್ದಲದ ಜೊತೆಗೆ ಈ ಮೌನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಈ ಮಾತಿಗೆ ಭಟ್ಕಳ ಒಂದು ಗಂಭೀರ ನಿದರ್ಶನ. ಚನ್ನಪಟ್ಟಣ ಹನುಮಂತ ದೇವರ ರಥೋತ್ಸವಕ್ಕೆ ನವಾಯತ ಮುಸ್ಲಿಂ ಮನೆತನಗಳನ್ನು ಅವರ ಮನೆಗೇ ಹೋಗಿ ಆಹ್ವಾನಿಸುವ ಸಂಪ್ರದಾಯ ಅಲ್ಲಿದೆ. ಇದೇ ಊರು 1993ರಲ್ಲಿ ಭೀಕರ ಕೋಮುಗಲಭೆಯನ್ನೂ ಕಂಡಿತು. ಒಂದೇ ಬೀದಿ ತೇರನ್ನೂ ಕಂಡಿದೆ, ನಿಷೇಧಾಜ್ಞೆಯನ್ನೂ ಕಂಡಿದೆ. ಸ್ಥಳವು ತಾನಾಗಿ ಸೌಹಾರ್ದವನ್ನು ಹುಟ್ಟಿಸುವುದಿಲ್ಲ. ಮನೆಬಾಗಿಲಿಗೆ ಹೋಗಿ ಕರೆಯುವ ಕ್ರಿಯೆಯೊಂದನ್ನು ಸಮುದಾಯವು ಪ್ರತಿವರ್ಷವೂ ಮರಳಿ ನಡೆಸಬೇಕಾಗುತ್ತದೆ. ಚೌಕವನ್ನು ಚೆನ್ನಾಗಿ ಕಟ್ಟಿದರೆ ಸಮುದಾಯವು ಮೂಡುತ್ತದೆಂಬ ವಿನ್ಯಾಸಕರ ನಂಬಿಕೆಗೆ ಇದು ತಿದ್ದುಪಡಿ. ಕೂಡುತಾಣಕ್ಕೆ ಕಲ್ಲು ಮರಗಳಷ್ಟೇ ಅಗತ್ಯವಾದುದು ಆಚರಣೆ. ಆಚರಣೆಗೆ ಬೇಕಾದುದು ಹೊಣೆ ಹೊರುವ ಜನ.

7

ಕನ್ನಡ ವಿಭಾಗಗಳಿಗೆ ಎಲ್ಲಕ್ಕಿಂತ ಮುಖ್ಯವಾದುದು ನುಡಿಯ ಪ್ರಶ್ನೆ. ಭಟ್ಕಳದ ಪೇಟೆಯಲ್ಲಿ ಕನ್ನಡ, ಕೊಂಕಣಿ, ನವಾಯತಿ, ಉರ್ದು ನುಡಿಗಳು ಒಂದರೊಳಗೊಂದು ಹಾಯುತ್ತವೆ. ಕುಮಟಾದ ಸಂತೆಯಲ್ಲಿ ಹಾಲಕ್ಕಿ ಕನ್ನಡ, ಹವ್ಯಕ ಕನ್ನಡ, ಮೀನುಗಾರರ ಕೊಂಕಣಿಗಳು ಚೌಕಾಸಿಯ ನೆಪದಲ್ಲಿ ಪರಸ್ಪರ ತಿಳಿವಳಿಕೆಯನ್ನು ಸಾಧಿಸುತ್ತವೆ. ನುಡಿಗಳ ಈ ಸಹವಾಸವು ಯಾವ ಶಾಲೆಯಲ್ಲಿಯೂ ಕಲಿಸಿದ್ದಲ್ಲ, ಕೂಡುತಾಣದಲ್ಲಿ ಒದಗಿಬಂದದ್ದು. ಗಣಕದ ಪೇಟೆಯಲ್ಲಿ ಕನ್ನಡದ ಹುಡುಗರು ಧ್ವನಿಯಲ್ಲಿ ಕನ್ನಡವನ್ನು ಬಳಸುತ್ತಾರೆ, ಬರೆಯುವಾಗ ರೋಮನ್ ಲಿಪಿಗೆ ಹೊರಳುತ್ತಾರೆ. ಆಟದ ಫಲಕ, ಸೂಚನೆ, ಅಂಗಡಿಯ ಹೆಸರುಗಳಲ್ಲಿ ಕನ್ನಡ ಕಾಣಸಿಗುವುದು ಅಪರೂಪ. ಹೀಗೆ ಕನ್ನಡವು ಅಲ್ಲಿ ಕೇಳಿಸುತ್ತದೆ, ಕಾಣಿಸುವುದಿಲ್ಲ. ಒಂದು ನುಡಿಯು ಪೇಟೆಯಲ್ಲಿ ಕಾಣದೆ ಹೋದರೆ ಅದು ಮನೆಯ ನುಡಿಯಾಗಿ ಸಂಕೋಚಗೊಳ್ಳುತ್ತದೆ ಎಂಬುದು ಕನ್ನಡದ ಚರಿತ್ರೆಯೇ ಕಲಿಸಿದ ಪಾಠ.

ಈ ನಡುವೆ ಕರ್ನಾಟಕ ಸರಕಾರವು 2012ರಲ್ಲಿಯೇ ಅನಿಮೇಷನ್, ದೃಶ್ಯಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಗಳಿಗಾಗಿ ಪ್ರತ್ಯೇಕ ನೀತಿಯನ್ನು ರೂಪಿಸಿತು. 2024ರಿಂದ 2029ರ ಅವಧಿಗೆ ಅದನ್ನು ಪರಿಷ್ಕರಿಸಿತು. ಕೇಂದ್ರ ಸರಕಾರದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣದ ಆಟಗಳನ್ನು ನಿಷೇಧಿಸುತ್ತ, ಇ-ಕ್ರೀಡೆ ಮತ್ತು ಸಾಮಾಜಿಕ ಆಟಗಳನ್ನು ಪ್ರೋತ್ಸಾಹಾರ್ಹವೆಂದು ಪ್ರತ್ಯೇಕಿಸುತ್ತದೆ. ಜಾತ್ರೆಯ ಬಯಲಿನಲ್ಲಿ ಜೂಜಿನ ಅಡ್ಡೆಯೂ ಚಾ ಅಂಗಡಿಯೂ ಅಕ್ಕಪಕ್ಕ ಇದ್ದದ್ದನ್ನು ಬಲ್ಲವರಿಗೆ ಈ ಭೇದ ಅಪರಿಚಿತವಲ್ಲ. ಆಟಗಳು ಬೆಂಗಳೂರಿನಲ್ಲಿ ತಯಾರಾಗುತ್ತವೆ, ಮುಂದೆಯೂ ತಯಾರಾಗಲಿವೆ. ಅವುಗಳಲ್ಲಿ ಯಕ್ಷಗಾನದ ಕಿರೀಟವೊಂದು ಮಾರಾಟದ ಉಡುಗೆಯಾಗಿ, ಮುರುಡೇಶ್ವರದ ಗೋಪುರವೊಂದು ಹಿನ್ನೆಲೆಯ ಚಿತ್ರವಾಗಿ ಬಂದರೆ ಅದನ್ನು ದೇಸಿ ಎಂದು ಸಂಭ್ರಮಿಸುವ ಅಪಾಯವಿದೆ. ಅದು ಉದ್ದೀಪನದ ದೇಸಿ. ಕೇಳಿಯಿಂದ ಕರೆಯುವ, ಅಂಚಿನಲ್ಲಿ ನಿಲ್ಲಲು ಬಿಡುವ, ಮಾತಿಗೆ ನೆಪ ಒದಗಿಸುವ, ಬಂದವನಿಗಾಗಿ ಕಾಯುವ ಗುಣಗಳು ವಿನ್ಯಾಸದೊಳಗೆ ಸೇರಿದಾಗಲಷ್ಟೇ ಕರಾವಳಿಯು ಅಲ್ಲಿದೆ ಎನ್ನಬಹುದು.

ಅದಕ್ಕೆ ಬೇಕಾದ ಆಕರವನ್ನು ಸಿದ್ಧಪಡಿಸುವ ಕೆಲಸ ಕನ್ನಡ ವಿಭಾಗಗಳದು. ಒಂದು ಬಯಲಾಟದ ರಾತ್ರಿಯಲ್ಲಿ ಜನರ ಚಲನೆಯನ್ನು ಗಂಟೆಗಂಟೆಗೆ ಗುರುತಿಸಿದ ನಕ್ಷೆ, ಒಂದು ಸಂತೆಯ ಅಂಗಡಿಸಾಲಿನ ಕ್ರಮ ಮತ್ತು ಅದರ ಕಾರಣ, ದೋಣಿಕಟ್ಟೆಯ ಮಾತಿನ ವಿಷಯಸೂಚಿ, ಯಾವ ಸ್ಥಳ ಯಾರಿಗೆ ಮುಚ್ಚಿತ್ತೆಂಬ ಮೌಖಿಕ ಚರಿತ್ರೆ ಇವು ಕ್ಷೇತ್ರಕಾರ್ಯದ ವಿಷಯಗಳಾಗಬೇಕು. ಜೊತೆಗೆ ವಿದ್ಯಾರ್ಥಿಗಳು ಸೇರುವ ಗಣಕದ ಪೇಟೆಗಳೂ ಕ್ಷೇತ್ರವೇ ಎಂದು ಒಪ್ಪಿ, ಅಲ್ಲಿನ ಕನ್ನಡವನ್ನು ದಾಖಲಿಸಬೇಕು. ಶಿವರಾಮ ಕಾರಂತರು ಯಕ್ಷಗಾನ ಬಯಲಾಟವನ್ನು ಕುರಿತ ತಮ್ಮ ಕೃತಿಗೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದಾಗ, ರಾತ್ರಿಯ ಆಟವೊಂದು ವಿದ್ವತ್ತಿನ ವಿಷಯವಾಗಬಲ್ಲುದೆಂಬುದು ಸ್ಥಾಪಿತವಾಯಿತು. ಆಗ ಆಟವು ಅಧ್ಯಯನದೊಳಗೆ ಬಂದಿತು. ಆಟ ನಡೆಯುವ ಬಯಲು ಇನ್ನೂ ಹೊರಗೆ ಉಳಿದಿದೆ. ಇಡೀ ರಾತ್ರಿಯನ್ನು ಬಯಲಿನಲ್ಲಿ ಕಳೆದ ಹಿರಿಯರು ಮೂರೂ ತಾಲ್ಲೂಕುಗಳಲ್ಲಿ ಈಗಲೂ ಇದ್ದಾರೆ. ಅವರ ನೆನಪು ದಾಖಲಾಗದೆ ಹೋದರೆ ಪ್ರಸಂಗಗಳ ಪುಸ್ತಕಗಳು ಗ್ರಂಥಾಲಯದಲ್ಲಿ ಉಳಿಯಬಹುದು. ಜನ ಹೇಗೆ ಕೂಡುತ್ತಿದ್ದರೆಂಬುದನ್ನು ಹೇಳುವವರು ಮಾತ್ರ ಉಳಿದಿರುವುದಿಲ್ಲ.